ಕರಿನೂಲಿನ ಡಬ್ಬಿ

ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಒಂಬತ್ತೂಕಾಲಿಗೆ ಹಿರೇನಲ್ಲೂರು ಕಡೆಯ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಅರ್ಧ ಜನ ಬಸ್ಸು ಹತ್ತುವವರೇ ಅಲ್ಲ, ಊಟಕ್ಕೆ ಕಾಯುವವರು. ಹಳ್ಳಿಯಿಂದ ಬಂದು ಪೇಟೆಯಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಮನೆಯವರು ಬುತ್ತಿಯನ್ನು ಬಸ್ಸಿಗೇ ಹಾಕಿ ಕಳಿಸುತ್ತಿದ್ದ ಕಾಲ ಅದು. ಡ್ರೈವರ್ ಪಕ್ಕದಲ್ಲಿ ಇಂಜಿನ್ನಿನ ಮೇಲೆ ಸಾಲಾಗಿ ಇಪ್ಪತ್ತು ಡಬ್ಬಿ ಕೂತಿರುತ್ತಿದ್ದವು. ಇಂಜಿನ್ನಿನ ಕಾವಿಗೆ ಮುದ್ದೆ ಆರುತ್ತಿರಲಿಲ್ಲ. ಒಬ್ಬೊಬ್ಬರಿಗೂ ಎರಡೆರಡು ಡಬ್ಬಿ. ಇವತ್ತಿನದನ್ನು ಇಸಕೊಂಡು ನಿನ್ನೆಯದನ್ನು ತೊಳೆದು ವಾಪಸ್ ಕೊಡಬೇಕು. ಕಂಡಕ್ಟರ್ ಅಜ್ಜಯ್ಯನಿಗೆ ಯಾರ ಡಬ್ಬಿ ಯಾವುದು ಅಂತ ಕಣ್ಣು ಮುಚ್ಚಿಕೊಂಡೂ ಗೊತ್ತು. ಬಾಗಿಲಲ್ಲಿ ನಿಂತು, "ಬರ್ರಪ್ಪಾ, ನಿಮ್ಮ ನಿಮ್ಮ ಹೊಟ್ಟೆ ತಗೊಂಡೋಗಿ" ಅಂತ ಕೂಗುತ್ತಿದ್ದ.

ಅಲ್ಲಿ ನಿಲ್ಲುತ್ತಿದ್ದವರಲ್ಲಿ ಹುಡುಗಿ ಅಂತ ಇದ್ದವಳು ಹಾಲಮ್ಮ ಒಬ್ಬಳೇ. ಅವಳ ಎರಡು ಅಂತಸ್ತಿನ ಡಬ್ಬಿಯ ಹಿಡಿಗೆ ಕರಿ ಕಂಬಳಿ ನೂಲು ಸುತ್ತಿತ್ತು. ಕುರಿ ಸಾಕುವ ಮನೆ, ನೂಲಿಗೇನು ಬರವೇ? ಅವಳ ಅವ್ವ ಅಂಜಿನಮ್ಮ ತಾನೇ ಕೂತು ಬಿಗಿಯಾಗಿ ಸುತ್ತಿ ಕಳಿಸಿದ್ದಳು.

ಅಪ್ಪ ತಿಮ್ಮರಾಯಪ್ಪ ಮಾತು ಕಡಿಮೆಯ ಮನುಷ್ಯ. ಎಪ್ಪತ್ತನಾಲ್ಕರಲ್ಲಿ ಮಗಳು ಪಿಯುಸಿ ಪಾಸು ಮಾಡಿ ಬಿ.ಎ. ಓದುತ್ತೀನಿ ಅಂದಾಗ ಅವನು ಎಲೆಗೆ ಸುಣ್ಣ ಸವರುತ್ತಾ, "ಓದಂಗಿದ್ರೆ ಓದು. ಬ್ಯಾಡ ಅನ್ನಲ್ಲ. ನನ್ನ ಮಾತ್ರ ಏನೂ ಕೇಳ್ಬ್ಯಾಡ" ಅಂದಿದ್ದ. ಅಷ್ಟೇ. ಫೀಸಿಗೆ ಸ್ಕಾಲರ್‌ಶಿಪ್ ಬಂತು. ಇರೋದಕ್ಕೆ ಕೋಟೆ ಬೀದಿಯ ತೀರ್ಥಮ್ಮನ ಕೊಬ್ಬರಿ ಕೊಟ್ಟಿಗೆಯ ಮೂಲೆ ಸಿಕ್ಕಿತು. ಊಟಕ್ಕೆ ಬಸ್ಸಿನ ಡಬ್ಬಿ. ಅದೊಂದನ್ನು ಅವ್ವ ಗಂಡನ ಹತ್ತಿರ ಜಗಳ ಆಡಿ ಗೆದ್ದುಕೊಂಡಿದ್ದಳು. ಹಳ್ಳಿಯ ಅರಳಿಕಟ್ಟೆ ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಅಲ್ಲಿ ಕೂತವರೆಲ್ಲ, "ತಿಮ್ಮರಾಯಪ್ಪನ ಮಗಳ ಬುತ್ತಿ ಹೊಂಟಿತು" ಅಂತ ನೋಡುತ್ತಿದ್ದರು.

ಮೊದಲ ವರ್ಷ ಹಾಗೇ ಕಳೆಯಿತು. ಎರಡನೇ ವರ್ಷ ಶುರುವಾಗುವ ಹೊತ್ತಿಗೆ ಅಜ್ಜಂಪುರದಿಂದ ಒಂದು ಸಂಬಂಧ ಬಂತು. ಹಿಟ್ಟಿನ ಗಿರಣಿಯವರು. ಹುಡುಗನ ಹೆಸರು ಮುದ್ದಪ್ಪ, ದುರಭ್ಯಾಸ ಇಲ್ಲ. ತಿಮ್ಮರಾಯಪ್ಪ ಮಗಳನ್ನು ಕೇಳುವ ಗೋಜಿಗೇ ಹೋಗದೆ ಅಜ್ಜಂಪುರಕ್ಕೆ ಹೋಗಿ, ನಾಲ್ಕು ಜನರ ಮುಂದೆ ಎಲೆ ಅಡಿಕೆ ತಗೊಂಡು ಬಂದುಬಿಟ್ಟ. ಎಲೆ ಅಡಿಕೆ ತಗೊಂಡರೆ ಮಾತು ಕೊಟ್ಟ ಹಾಗೆ. ಹಾಲಮ್ಮ ಭಾನುವಾರ ಊರಿಗೆ ಬಂದವಳು ಸುದ್ದಿ ಕೇಳಿ ಕೂಗಲಿಲ್ಲ, ಅಳಲಿಲ್ಲ. "ಡಿಗ್ರಿ ಮುಗೀಲಿ ಅಪ್ಪ. ಇನ್ನೆರಡು ವರ್ಷ. ಆಮೇಲೆ ಹೇಳು, ಕೇಳ್ತೀನಿ" ಅಂದಳು. ಗಿರಣಿಯವರು ಎರಡು ವರ್ಷ ಕಾಯುವವರಲ್ಲ. ತಿಮ್ಮರಾಯಪ್ಪ ಮತ್ತೆ ಅಜ್ಜಂಪುರಕ್ಕೆ ಹೋಗಿ ಅದೇ ನಾಲ್ಕು ಜನರ ಮುಂದೆ, "ನನ್ನ ಮಗಳು ನನ್ನ ಮಾತು ಕೇಳಲಿಲ್ಲ" ಅಂತ ಒಪ್ಪಿಕೊಂಡು, ಎಲೆ ಅಡಿಕೆ ತಿರುಗಿ ಕೊಟ್ಟು ಬರಬೇಕಾಯಿತು. ಅವನ ಜನ್ಮದಲ್ಲಿ ಅಂಥ ಅವಮಾನ ಆಗಿರಲಿಲ್ಲ.

ಬಂದವನೇ ಜಗಲಿ ಮೇಲೆ ಕೂತು, ಯಾರನ್ನೂ ನೋಡದೆ ಹೇಳಿದ: "ನಾಳೆಯಿಂದ ಅವಳಿಗೆ ಈ ಮನೆ ಅನ್ನ ಇಲ್ಲ. ಹಸಿದ್ರೆ ಅದೇ ಬಸ್ಸು ಹತ್ಕೊಂಡು ಬತ್ತಾಳೆ ಬಿಡು."

ಮಾರನೇ ದಿನ ಡಬ್ಬಿ ಬಂತು. ಅಜ್ಜಯ್ಯನ ಕೈಯಿಂದ ತಗೊಂಡಾಗಲೇ ಅವಳ ತೋಳು ಮೇಲಕ್ಕೆ ಎದ್ದಂತಾಯಿತು, ಅಷ್ಟು ಹಗುರ. ಏನೋ ಇವತ್ತು ಅವಲಕ್ಕಿ ಹಾಕಿರಬೇಕು ಅಂದುಕೊಂಡಳು. ಮಧ್ಯಾಹ್ನ ಕಾಲೇಜಿನ ಹಿಂದಿನ ಹುಣಸೆಮರದ ಕೆಳಗೆ ಮುಚ್ಚಳ ತೆಗೆದರೆ, ಒಳಗೆ ಏನೂ ಇಲ್ಲ. ತಳದಲ್ಲಿ ಒಂದು ಅಗುಳೂ ಇಲ್ಲ. ಚೆನ್ನಾಗಿ ತೊಳೆದು, ಒರೆಸಿ, ಕ್ಲಿಪ್ಪು ಬಿಗಿ ಹಾಕಿ ಕಳಿಸಿದ್ದಾರೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಮನೆಯವರು ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರೂ, ಲೋಟ ತಿರುಗಿ ಕೊಡುವಾಗ ಒಂದು ಚೂರು ಬೆಲ್ಲವಾದರೂ ಹಾಕದೆ ಕೊಟ್ಟವಳಲ್ಲ ಅವಳ ಅವ್ವ. ಬರೀ ಪಾತ್ರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬಾರದು ಅನ್ನುವುದು ಅವಳಿಗೆ ದೇವರ ಪೂಜೆಯಷ್ಟೇ ದೊಡ್ಡದು. ಆ ಮನೆಯಿಂದ ಬರೀ ಡಬ್ಬಿ ಬಂದಿತ್ತು. ಹಾಲಮ್ಮ ಮುಚ್ಚಳ ಮುಚ್ಚಿ, ನಲ್ಲಿ ನೀರು ಕುಡಿದು ಕ್ಲಾಸಿಗೆ ಹೋದಳು.

ನಾಳೆ ಬರುವುದಿಲ್ಲ ಅಂದುಕೊಂಡಿದ್ದಳು. ಬಂತು. ಮೂರನೇ ದಿನ, ನಾಲ್ಕನೇ ದಿನವೂ ಬಂತು, ಹಾಗೇ ಖಾಲಿ. ಒಂದು ವಾರ ಆದ ಮೇಲೆ ಅಜ್ಜಯ್ಯ ಡಬ್ಬಿ ಕೊಡುತ್ತಾ ದನಿ ತಗ್ಗಿಸಿದ. "ನಾನು ಇಪ್ಪತ್ತು ವರ್ಷದಿಂದ ಡಬ್ಬಿ ಎತ್ತೋನಮ್ಮ. ತೂಕ ಗೊತ್ತಾಗಲ್ವಾ? ಈಗ ಬಸ್ ತಾವ ತಂದು ಕೊಡೋದು ನಿಮ್ಮಪ್ಪನೇ. ಕಟ್ಟೆ ಮ್ಯಾಲೆ ಕುಂತೋರ್ಗೆಲ್ಲ ಕಾಣಂಗೆ, ಎರಡೂ ಕೈಲಿ ಹಿಡ್ಕಂಡು ಬತ್ತಾನೆ."

ಅಯ್ಯೋ ಶಿವನೇ! ಮಗಳಿಗೆ ಅನ್ನ ಹಾಕಬಾರದು, ಆದರೆ ಹಾಕುತ್ತಿಲ್ಲ ಅಂತ ಊರಿಗೆ ಗೊತ್ತಾಗಬಾರದು. ಅದಕ್ಕೆ ಅವನು ಕಂಡುಕೊಂಡ ದಾರಿ ಇದು. ಹಾಲಮ್ಮನಿಗೆ ಕೋಪ ಬಂತು, ನಾಚಿಕೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತಾಯಿತು.

"ಹತ್ತೀಯೇನಮ್ಮ? ಮಧ್ಯಾಹ್ನಕ್ಕೆ ಬಸ್ಸು ವಾಪಸ್ ಹೋಗ್ತದೆ" ಅಂದ ಅಜ್ಜಯ್ಯ.

"ಇಲ್ಲ ಅಜ್ಜಯ್ಯಣ್ಣ."

ತೊಳೆಯುವ ಅಗತ್ಯವೇ ಇಲ್ಲದ ನಿನ್ನೆಯ ಡಬ್ಬಿಯನ್ನು ತಿರುಗಿ ಕೊಟ್ಟು, ಇವತ್ತಿನ ಖಾಲಿ ಡಬ್ಬಿ ಹಿಡಿದು ಹೊರಟಳು. ಹುಡುಗರು ನೋಡುತ್ತಿದ್ದರು. ಡಬ್ಬಿ ಭಾರ ಇರುವವಳ ಹಾಗೆ ತೋಳು ಇಳಿಬಿಟ್ಟು ನಡೆದಳು. ನೋಡಿ, ಅಪ್ಪ ಅಲ್ಲಿ ಆಡುತ್ತಿದ್ದ ನಾಟಕವನ್ನೇ ಮಗಳು ಇಲ್ಲಿ ಆಡಿದಳು.

ತೀರ್ಥಮ್ಮ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ಬಾಯಿಗೆ ನೀರೂ ಹಾಕದ ವಿಧವೆ. ಗಂಡ ಸತ್ತ ಮೇಲೆ ಕೊಬ್ಬರಿ ವ್ಯಾಪಾರ ತಾನೇ ನಡೆಸುತ್ತಿದ್ದಳು. ಬಾಯಿ ಜೋರು. ಹಾಲಮ್ಮನನ್ನು ಅಡುಗೆಮನೆ ಹೊಸಿಲು ದಾಟಲು ಬಿಟ್ಟವಳಲ್ಲ. ಆದರೆ ಡಬ್ಬಿ ಖಾಲಿ ಬಂದ ಮೊದಲ ಎರಡು ದಿನ ಹುಡುಗಿ ನೀರು ಕುಡಿದು ಮಲಗಿದ್ದು ಆಗಲೇ ಅವಳ ಕಣ್ಣಿಗೆ ಬಿದ್ದಿತ್ತು.

"ಲೇ ಹುಡುಗಿ, ಏನೇ ಇದು? ಉಪವಾಸ ವ್ರತವೇನೇ?"

ಹಾಲಮ್ಮ ಹಾಸಿಗೆ ಸುತ್ತಿಡತೊಡಗಿದಳು.

"ಬಾಯಿ ಬಿಡಬೇಡ, ನಂಗೇನು. ಬೆಳಿಗ್ಗೆ ಎದ್ದು ಕಾಯಿ ಒಡಿ. ರಾಗಿಹಿಟ್ಟು ಕೊಡ್ತೀನಿ. ಗಿಟುಕು ಒಡೆದು ಚೂರಾದರೆ ಆ ಚೂರು ನಿಂಗೆ. ಒಲೆ ಹೊರಗಡೆ ಹೂಡ್ಕೋ, ಚಿಪ್ಪು ಬೇಕಾದಷ್ಟು ಬಿದ್ದೈತೆ."

ಆ ಕೊಟ್ಟಿಗೆಯ ಅಟ್ಟದ ಮೇಲೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಒಣಗುತ್ತಾ ಬಿದ್ದಿರುತ್ತಿದ್ದವು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ನಿಲ್ಲಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಅನ್ನದಿದ್ದರೆ ತಿರುಗಿ ಅಟ್ಟಕ್ಕೆ. ಗಟಗಟ ಅಂದರೆ ಮಚ್ಚಿನಿಂದ ಚಿಪ್ಪಿಗೆ ಮಾತ್ರ ಏಟು ಬೀಳುವಂತೆ ಒಡೆದು, ಒಳಗಿನ ಕೊಬ್ಬರಿ ಉಂಡೆಯನ್ನು, ಅದೇ ಗಿಟುಕನ್ನು, ಗಾಯ ಮಾಡದೆ ಇಡಿಯಾಗಿ ತೆಗೆಯಬೇಕು. ಹಾಲಮ್ಮ ಐದಕ್ಕೆ ಎದ್ದು ಏಳೂವರೆ ತನಕ ಒಡೆಯುತ್ತಿದ್ದಳು. ಮೊದಲ ತಿಂಗಳು ಕೈ ಪಳಗದೆ ಹತ್ತಕ್ಕೆ ಮೂರು ಚೂರಾಗುತ್ತಿದ್ದವು. ತೀರ್ಥಮ್ಮ ಬಾಯಿ ಬಡಿದುಕೊಂಡು ಬೈಯುತ್ತಿದ್ದಳು, ಹುಡುಗಿಯ ಸಾರಿಗೆ ಮಾತ್ರ ದಂಡಿಯಾಗಿ ಕೊಬ್ಬರಿ ಬೀಳುತ್ತಿತ್ತು. ಕೆಲಸ ಕಲಿತಂತೆಲ್ಲ ಚೂರು ಕಡಿಮೆಯಾಯಿತು, ಸಾರು ತೆಳ್ಳಗಾಯಿತು. ಬೇಕು ಅಂತಲೇ ಒಂದೆರಡು ಒಡೆದುಬಿಡೋಣ ಅಂತ ಎಷ್ಟೋ ದಿನ ಮಚ್ಚು ಎತ್ತಿ ಹಿಡಿದು ಯೋಚಿಸಿದ್ದಾಳೆ. ಕೈ ಬರಲಿಲ್ಲ.

ಒಡೆದದ್ದು ಮುಗಿಸಿ, ಮೂರು ಕಲ್ಲಿನ ಒಲೆ ಹಚ್ಚಿ, ಮುದ್ದೆ ತಿರುವಿ, ಸಾರು ಕಾಯಿಸುವಳು. ಒಂಬತ್ತೂಕಾಲಿಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಖಾಲಿ ಡಬ್ಬಿ ತರುವಳು. ಕೊಟ್ಟಿಗೆಗೆ ಓಡಿ ಬಂದು ತನ್ನ ಅಡುಗೆಯನ್ನು ಆ ಡಬ್ಬಿಗೇ ತುಂಬಿಕೊಂಡು ಹತ್ತಕ್ಕೆ ಕಾಲೇಜು. ಮಧ್ಯಾಹ್ನ ಹುಣಸೆಮರದ ಕೆಳಗೆ ಸಖರಾಯಪಟ್ಟಣದ ಮಲ್ಲಿಕಾಂಬ ಪಕ್ಕದಲ್ಲಿ ಕೂರುತ್ತಿದ್ದಳು. ಅನುಕೂಲಸ್ಥರ ಮನೆಯ ಹುಡುಗಿ, ಮನಸ್ಸು ಒಳ್ಳೆಯದು. ಒಂದು ದಿನ ಹಾಲಮ್ಮನ ಸಾರನ್ನು ಬೆರಳಲ್ಲಿ ನೆಕ್ಕಿ, "ನಿಮ್ಮಮ್ಮನ ಕೈರುಚಿಯೇ ರುಚಿ ಕಣೇ. ನಮ್ಮಮ್ಮನೂ ಇದ್ದಾಳೆ, ದಿನಾ ಅದೇ ಪಲ್ಯ. ಎಷ್ಟು ಪ್ರೀತಿ ನೋಡು ನಿನ್ನ ಮೇಲೆ!" ಅಂದಳು.

"ಹೂಂ" ಅಂದಳು ಹಾಲಮ್ಮ. ಬೆಳಿಗ್ಗೆ ಮಚ್ಚು ತಾಗಿದ ಹೆಬ್ಬೆರಳನ್ನು ಸೆರಗಿನೊಳಗೆ ಮಡಚಿಕೊಂಡಳು.

ಆ ವರ್ಷದ ದೀಪಾವಳಿಗೆ ಒಂದೇ ಒಂದು ಸಲ ಊರಿಗೆ ಹೋದಳು. ಅಪ್ಪ ಕುರಿ ಹಟ್ಟಿಯ ಕಡೆ ಎದ್ದು ಹೋದವನು ಎರಡು ದಿನವೂ ಮುಖ ತೋರಿಸಲಿಲ್ಲ. ಅವ್ವ ಒಲೆ ಮುಂದೆ ಕೂತು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಏನ್ ಮಾಡ್ಲೇ? ಅವನೇ ಮುಚ್ಚಳ ಹಾಕ್ತಾನೆ, ಅವನೇ ತಗೊಂಡೋಗ್ತಾನೆ. ಒಂದಿನ ರೊಟ್ಟಿ ಇಟ್ಟಿದ್ದೆ. ತೆಗೆದು ನಾಯಿಗೆ ಹಾಕ್ದ. ಒಪ್ಕೊಂಡ್ಬಿಡೇ ಹಾಲಿ. ಬಂದ್ಬಿಡು. ನಂಗೂ ಸಾಕಾಗೈತೆ."

ಅಪ್ಪನ ಹಟ ಅವಳನ್ನು ಅಲ್ಲಾಡಿಸಿರಲಿಲ್ಲ. ಅವ್ವನ ಈ ಮಾತು ಅಲ್ಲಾಡಿಸಿತು. ಅಷ್ಟು ದಿನ ಪ್ರತಿ ಬೆಳಿಗ್ಗೆ ಮುಚ್ಚಳ ತೆಗೆಯುವಾಗ, ಇವತ್ತು ಅವ್ವ ಕಣ್ಣು ತಪ್ಪಿಸಿ ಏನಾದರೂ ಹಾಕಿರಬಹುದೇ ಅಂತ ಎದೆ ಒಂದು ಸಲ ಹೊಡೆದುಕೊಳ್ಳುತ್ತಿತ್ತು. ಅದು ಅಲ್ಲಿಗೆ ನಿಂತಿತು. ಆಮೇಲೆ ಮುಚ್ಚಳ ತೆಗೆಯುವುದು ಬರೀ ತನ್ನ ಮುದ್ದೆ ಇಡುವುದಕ್ಕೆ. ಡಿಗ್ರಿ ಮುಗಿಯುವ ತನಕ ಆ ಬಸ್ಸು ಹತ್ತುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದಳು.

ಹಟ ಅಂದರೆ ಏನೋ ವೀರಾವೇಶ ಅಂದುಕೊಳ್ಳಬೇಡಿ. ಹಟ ಅಂದರೆ ಐದಕ್ಕೆ ಏಳುವುದು. ಮಳೆ ಬಂದಾಗ ಹಸಿ ಚಿಪ್ಪು ಊದಿ ಊದಿ ಕಣ್ಣು ಕೆಂಪಗಾಗುವುದು. ಮಧ್ಯಾಹ್ನದ ಕ್ಲಾಸಿನಲ್ಲಿ ಕೂತಲ್ಲೇ ನಿದ್ದೆ ಬಂದು, "ಹಿಂದಿನ ಬೆಂಚಿನ ಮಹಾರಾಣಿ ಎದ್ದೇಳಬೇಕು" ಅಂತ ಮೇಷ್ಟ್ರ ಕೈಲಿ ಅನ್ನಿಸಿಕೊಳ್ಳುವುದು. ಜ್ವರ ಬಂದಾಗ ನೀರು ಕಾಯಿಸಿಕೊಡಲು ಯಾರೂ ಇಲ್ಲದೆ, ತಾನೇ ಎದ್ದು ಕಾಯಿಸಿಕೊಂಡು, ಅರ್ಧ ಕುಡಿದು, ಲೋಟ ತೊಳೆದಿಟ್ಟು ಮಲಗುವುದು. ಒಂದು ಮಧ್ಯಾಹ್ನ ಅವಳ ಕಾಲು ಅವಳನ್ನು ಕೇಳದೆ ಬಸ್‌ಸ್ಟ್ಯಾಂಡಿಗೆ ಕರಕೊಂಡು ಹೋಗಿತ್ತು. ಬಸ್ಸು ಹೊರಡಲು ನಿಂತಿತ್ತು. ಅಜ್ಜಯ್ಯ ಬಾಗಿಲು ತೆರೆದು ಹಿಡಿದ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಒಳಗೆ ಕೂತಿದ್ದ ಯಾರೋ ಬಿಚ್ಚಿದ ಬುತ್ತಿಯ ಮೆಂತ್ಯದ ಹುಳಿಯ ವಾಸನೆ ಬಂತು. ಕಾಲು ಹಿಂದಕ್ಕೆ ತೆಗೆದಳು. ಯಾಕೆ ತೆಗೆದೆ ಅಂತ ಕೇಳಿದರೆ ಇವತ್ತಿಗೂ ಅವಳಿಗೆ ಹೇಳಲು ಬರುವುದಿಲ್ಲ.

ಎಪ್ಪತ್ತೇಳನೇ ಇಸವಿ ಏಪ್ರಿಲ್. ಕೊನೆಯ ಪೇಪರ್ ಮಧ್ಯಾಹ್ನ ಎರಡಕ್ಕಿತ್ತು. ಅವತ್ತು ಬೆಳಿಗ್ಗೆ ಹಾಲಮ್ಮ ಯಾವತ್ತಿಗಿಂತ ದೊಡ್ಡದಾಗಿ ಎಸರಿಟ್ಟಳು. ಎರಡು ದಪ್ಪ ಮುದ್ದೆ, ಕೊಬ್ಬರಿ ಅರೆದು ಹಾಕಿದ ಹುರುಳಿಕಾಳು ಸಾರು. ಊರಿಗೆ ಹೋಗಬೇಕಾದ ನಿನ್ನೆಯ ಡಬ್ಬಿಗೆ ತುಂಬಿದಳು. ತೀರ್ಥಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಯಾರಿಗೇ?" ಅಂದಳು.

"ನಮ್ಮಪ್ಪಂಗೆ."

"ಥೂ ನಿನ್ನ! ಬುದ್ಧಿ ಐತೇನೇ ನಿಂಗೆ? ಎರಡು ವರ್ಷ ಹೊಟ್ಟೆಗೆ ಹೊಡೆದೋನಿಗೆ?"

"ಪ್ರೀತಿಗಲ್ಲ ಅಮ್ಮಾರೇ. ಸಿಟ್ಟಿಗೆ. ಕಟ್ಟೆ ಮ್ಯಾಲೆ ಎಲ್ಲರ ಮುಂದೆ ಇಸಕೊಳ್ಳುವಾಗ ಒಂದಿನವಾದ್ರೂ ಅವನ ತೋಳು ಕೆಳಕ್ಕೆ ಜಗ್ಗಲಿ."

ತೀರ್ಥಮ್ಮ ಒಳಗೆ ಹೋಗಿ ಒಂದು ಇಡೀ ಗಿಟುಕು ತಂದು ಡಬ್ಬಿಯ ಪಕ್ಕದಲ್ಲಿ ಇಟ್ಟಳು. "ಇದನ್ನೂ ಕಳಿಸು. ಇಡಿಯಾಗಿ ತೆಗೆಯೋಕೆ ಬತ್ತದೆ ಅಂತ ಗೊತ್ತಾಗ್ಲಿ ಆ ಮನುಷ್ಯನಿಗೆ."

ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಯ್ಯ ಡಬ್ಬಿ ತಗೊಂಡು ಒಂದು ಕ್ಷಣ ತೂಗಿ ನೋಡಿದ. ಹಲ್ಲು ಬಿಟ್ಟು ನಕ್ಕ. ಅದನ್ನು ಖಾಲಿ ಡಬ್ಬಿಗಳ ಜೊತೆ ಸೀಟಿನ ಕೆಳಗೆ ತಳ್ಳದೆ ಇಂಜಿನ್ನಿನ ಮೇಲೆ ಇಟ್ಟ. ಹಾಲಮ್ಮ ಪರೀಕ್ಷೆ ಬರೆದು ಬಂದು, ಹಾಸಿಗೆ ಬಿಚ್ಚದೆ ಗೋಣಿಚೀಲದ ಮೇಲೇ ಬಿದ್ದುಕೊಂಡು ಸಂಜೆ ಆರಕ್ಕೆ ಮಲಗಿದವಳು ಬೆಳಿಗ್ಗೆ ಎದ್ದಳು.

ಮಾರನೇ ದಿನ ಬಸ್ಸು ಬಂತು. ಅಜ್ಜಯ್ಯ ಡಬ್ಬಿ ಕೊಟ್ಟ. ಖಾಲಿಯೇ. ಆದರೆ ಮುಚ್ಚಳ ತೆಗೆದರೆ ತೊಳೆದಿರಲಿಲ್ಲ. ಸಾರಿನ ಡಬ್ಬಿಯ ಒಳಗೋಡೆಯಲ್ಲಿ ಸುತ್ತಲೂ ಬೆರಳಿನ ಗೆರೆಗಳು ಒಣಗಿದ್ದವು. ಬಳಿದು ಬಳಿದು ಉಂಡ ಗುರುತು.

"ನಿಮ್ಮಪ್ಪ ಒಂದು ಮಾತು ಹೇಳಿ ಕಳಿಸಿದ" ಅಂದ ಅಜ್ಜಯ್ಯ, ಬೇರೆ ಕಡೆ ನೋಡುತ್ತಾ. "ಉಪ್ಪು ಸಾಲಲಿಲ್ಲವಂತೆ."

ಇಪ್ಪತ್ತೊಂದು ತಿಂಗಳಾದ ಮೇಲೆ ಅಪ್ಪ ಆಡಿದ ಮೊದಲ ಮಾತು ಅದು. ಪರೀಕ್ಷೆ ಹೇಗೆ ಬರೆದೆ ಅಂತಲ್ಲ, ಬದುಕಿದ್ದೀಯಾ ಅಂತಲ್ಲ. ಉಪ್ಪು! ಹಾಲಮ್ಮನಿಗೆ ಮೈಯೆಲ್ಲ ಉರಿಯಿತು. ಅಷ್ಟು ಜನರ ಮಧ್ಯೆ ದನಿ ಎತ್ತಿಯೇ ಹೇಳಿದಳು: "ಉಪ್ಪು ಬೇಕಾದ್ರೆ ಅವನೇ ತಗೊಂಡು ಬಂದು, ನನ್ನ ಮನೇಲಿ ಕುಂತು, ಹಾಕ್ಕೊಂಡು ಉಣ್ಣಕ್ಕೆ ಹೇಳಿ ಅಜ್ಜಯ್ಯಣ್ಣ."

ಮನೆ ಅನ್ನುವುದು ಆಗ ಅವಳಿಗೆ ಎಲ್ಲಿತ್ತು? ಕೊಬ್ಬರಿ ಕೊಟ್ಟಿಗೆಯ ಮೂಲೆ. ಬಾಯಿಗೆ ಬಂತು, ಅಂದುಬಿಟ್ಟಳು. ಅವತ್ತಿನಿಂದ ಡಬ್ಬಿ ಬರುವುದು ನಿಂತಿತು.

ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಇನ್ನೂ ಎರಡು ವರ್ಷ ಕಾಯಿ ಒಡೆದಳು, ಮಕ್ಕಳಿಗೆ ಪಾಠ ಹೇಳಿದಳು, ಅರ್ಜಿ ಮೇಲೆ ಅರ್ಜಿ ಹಾಕಿದಳು. ಎಪ್ಪತ್ತೊಂಬತ್ತರಲ್ಲಿ ತರೀಕೆರೆಯ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ರೈಲ್ವೆ ಸ್ಟೇಷನ್ನಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ಅವ್ವ ವರ್ಷಕ್ಕೊಂದು ಸಲ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು. ಅಪ್ಪ ಬರಲಿಲ್ಲ. ಇವಳು ಊರಿಗೆ ಹೋದರೆ ಅವನು ಎದ್ದು ಹಟ್ಟಿಗೆ ಹೋಗುತ್ತಿದ್ದ. ಮದುವೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಆಫೀಸು, ಫೈಲು, ಮನೆ, ಒಬ್ಬಳಿಗೆ ಒಂದು ಮುದ್ದೆ. ತನ್ನ ಕಾಲ ಮೇಲೆ ನಿಂತಿದ್ದಾಳೆ ಅಂತ ಜನ ಹೊಗಳುತ್ತಿದ್ದರು. ನಿಂತೂ ನಿಂತೂ ಕಾಲು ನೋಯುತ್ತದೆ ಅಂತ ಯಾರ ಹತ್ತಿರ ಹೇಳುವುದು?

ಎಂಬತ್ನಾಲ್ಕರ ಮಾಘ ಮಾಸದ ಒಂದು ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬಂದರೆ, ಮನೆಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಒಬ್ಬ ಮುದುಕ ಕೂತಿದ್ದ. ತೊಡೆಯ ಮೇಲೆ ಡಬ್ಬಿ. ಹಿಡಿಯ ಕರಿನೂಲು ಸವೆದು ಎಳೆ ಬಿಟ್ಟಿತ್ತು. ಹಾಲಮ್ಮ ಗೇಟಿನಲ್ಲೇ ನಿಂತಳು.

"ಅವ್ವ ಹೆಂಗವ್ಳೆ?" ಮೊದಲು ಬಂದ ಮಾತು ಅದು.

"ಅವಳಿಗೇನು, ಕಲ್ಲುಗುಂಡು. ನಿಮ್ಮ ಚಿಕ್ಕವ್ವನ ಮನೆಗೆ ಬಾಣಂತನ ಮಾಡಕ್ಕೆ ಹೋಗವ್ಳೆ. ಹತ್ತು ದಿನ ಆಯ್ತು." ಕಂಬಳಿಯ ಅಂಚು ಎಳೆದುಕೊಳ್ಳುತ್ತಾ ಅಂದ, "ನಂಗೆ ಒಲೆ ಹಚ್ಚಕ್ಕೆ ಬರಲ್ಲ ಕಣವ್ವ. ಬಂದಿದ್ರೆ ಇಲ್ಲಿಗ್ಯಾಕೆ ಬತ್ತಿದ್ದೆ."

ಹಾಲಮ್ಮ ಬೀಗ ತೆಗೆದಳು. "ಏಳು ವರ್ಷ ಬೇಕಾಯ್ತೇನಪ್ಪಾ ಬರೋದಕ್ಕೆ?"

"ಬಸ್ಸು ಸಿಕ್ಕಿರ್ಲಿಲ್ಲ" ಅಂದ ತಿಮ್ಮರಾಯಪ್ಪ. ಅವನ ಊರ ಅರಳಿಕಟ್ಟೆ ಮುಂದೆ ದಿನಾ ಬಸ್ಸು ನಿಲ್ಲುತ್ತದೆ.

ಅವಳು ಸೀರೆಯನ್ನೂ ಬದಲಾಯಿಸದೆ ಸ್ಟವ್ ಹಚ್ಚಿದಳು. ಎಸರು ಕುದಿಯುವಾಗ ಬೇಕು ಅಂತಲೇ ಸಾರಿನ ಉಪ್ಪಿನ ಮೇಲೆ ಕೈ ಬಿಗಿ ಹಿಡಿದಳು. ನೋಡೋಣ ಅಂತ. ತಟ್ಟೆ ಇಟ್ಟು ಮುದ್ದೆ ಹಾಕಿ ಸಾರು ಬಿಟ್ಟಳು. ಅಪ್ಪ ಒಂದು ತುತ್ತು ನುಂಗಿದ. ಎಡಗೈಯಿಂದ ಹೆಗಲ ಮೇಲಿನ ಟವಲ್ಲಿನ ತುದಿ ಎಳೆದು, ಹಲ್ಲಿನಲ್ಲಿ ಗಂಟು ಬಿಚ್ಚಿದ. ಒಳಗೆ ನಾಲ್ಕು ಹರಳು ಕಲ್ಲುಪ್ಪು. ಒಂದು ಹರಳು ತೆಗೆದು ಸಾರಿಗೆ ಹಾಕಿ ಬೆರಳಲ್ಲಿ ಕದಡಿಕೊಂಡು, ತಲೆ ಬಗ್ಗಿಸಿ ಉಣ್ಣತೊಡಗಿದ.

ಹಾಲಮ್ಮ ಗೋಡೆಗೆ ಒರಗಿ ಕೂತು ನೋಡಿದಳು. ಹಸಿದರೆ ಬಸ್ಸು ಹತ್ತಿಕೊಂಡು ಬರುತ್ತಾಳೆ ಅಂದಿದ್ದವನು ಇವನೇ. ಆ ಮಾತನ್ನು ತಿರುಗಿ ಇವನ ತಟ್ಟೆಗೇ ಹಾಕಬೇಕು ಅಂತ ಎಷ್ಟು ಬೆಳಗಿನ ಜಾವ ಮಚ್ಚು ಹಿಡಿದು ಅಂದುಕೊಂಡಿದ್ದಳೋ. ಈಗ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವನು ತಟ್ಟೆ ಬಳಿದು ಬಳಿದು ಉಣ್ಣುತ್ತಿದ್ದ. ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು. ಅವಳಿಗೆ ಎಷ್ಟು ಸುಸ್ತಾಗಿತ್ತೆಂದರೆ ಗೆಲ್ಲುವುದಕ್ಕೂ ಶಕ್ತಿ ಇರಲಿಲ್ಲ. ಎದ್ದು ಇನ್ನೊಂದು ಮುದ್ದೆ ಹಾಕಿದಳು.

ಉಂಡು ಕೈ ತೊಳೆದು, ಅಪ್ಪ ಡಬ್ಬಿಯನ್ನು ಅವಳ ಕಡೆ ತಳ್ಳಿದ. "ಇದ್ಕೂ ಒಸಿ ಹಾಕ್ಕೊಡು. ಐದೂವರೆಗೆ ಕೊನೇ ಬಸ್ಸು."

ಅವಳು ತುಂಬಿದಳು. ಕೆಳಗೆ ಎರಡು ಮುದ್ದೆ, ಮೇಲೆ ಸಾರು, ಕ್ಲಿಪ್ಪು ಬಿಗಿ ಹಾಕಿ, ಬಿಚ್ಚಿಹೋಗಿದ್ದ ಕರಿನೂಲನ್ನು ಹಿಡಿಗೆ ಮತ್ತೆ ಸುತ್ತಿ ಗಂಟು ಹಾಕಿದಳು. ಅವನು ಎರಡೂ ಕೈಯಲ್ಲಿ ಇಸಕೊಂಡ. ತೋಳು ಕೆಳಕ್ಕೆ ಜಗ್ಗಿತು. ಹಾಗೇ ನಿಂತುಕೊಂಡ, ಮೆಟ್ಟಿಲು ಇಳಿಯಲಿಲ್ಲ.

"ಯಾಕಪ್ಪ?"

"ಭಾರ ಐತೆ ಕಣವ್ವ" ಅಂದ ತಿಮ್ಮರಾಯಪ್ಪ. ಮಗಳ ಮುಖ ನೋಡಲಾಗದೆ ಡಬ್ಬಿಯನ್ನೇ ನೋಡುತ್ತಾ ಇನ್ನೊಂದು ಸಲ ಅಂದ, "ಬಾಳ ಭಾರ ಐತೆ."